1967ರ ಮಸ್ಟ್ಯಾಂಗ್ ಮನೆಯಲ್ಲೇ ರಿಸ್ಟೋರ್ ಮಾಡುವುದು: ಕೌಲ್‌ನಿಂದ ಶುರು ಮಾಡಿ

1967ರ ಫೋರ್ಡ್ ಮಸ್ಟ್ಯಾಂಗ್ ನೋಡಲು ಹೋದಾಗ ಜೊತೆಗೆ ಒಂದು ನೀರಿನ ಕ್ಯಾನು, ಒಂದು ಟಾರ್ಚ್ ಇರಲಿ. ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ ಮುಗಿಯುವ ಕಡೆ ಗಾಳಿಗೆಂದು ಬಿಟ್ಟ ಸೀಳುಗಳಿವೆ. ಅದರಡಿಯ ಪೆಟ್ಟಿಗೆಯೇ ಕೌಲ್. ಮಳೆನೀರು ಈ ಸೀಳುಗಳಲ್ಲಿ ಇಳಿದು ಎರಡು ಬದಿಯಿಂದ ಮುಂದಿನ ಫೆಂಡರ್‌ಗಳ ಹಿಂದೆ ಹೊರಗೆ ಹರಿದು ಹೋಗಬೇಕು. ಎಲೆ, ಕಸ ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ಒಳಗೆ ಗಾಳಿ ಬರುವ ಎರಡು ರಂಧ್ರಗಳ ಸುತ್ತ ಟೋಪಿಯಂಥ ತಗಡಿನ ಕಟ್ಟೆ ಇರುತ್ತದೆ. ತುಕ್ಕು ಮೊದಲು ತಿನ್ನುವುದು ಅದರ ಬುಡವನ್ನು. ಒಂದೊಂದು ಬದಿಗೂ ಐದು ನಿಮಿಷ ನಿಧಾನವಾಗಿ ನೀರು ಬಿಟ್ಟು, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಾಕಿ ನೋಡಿ. ತೊಟ್ಟಿಕ್ಕಿದರೆ ಕಾರ್ಪೆಟ್ ಎತ್ತದೆಯೇ ಹೇಳಬಹುದು, ಫ್ಲೋರ್ ಹೋಗಿದೆ ಅಂತ. ಫ್ಲೋರ್ ಮಾತ್ರ ಹೊಸದು ಹಾಕಿ ಕೌಲ್ ಹಾಗೇ ಬಿಟ್ಟರೆ ಕೆಲವೇ ಮಳೆಗಾಲದಲ್ಲಿ ಹೊಸ ತಗಡೂ ತೂತು ಬೀಳುತ್ತದೆ.

ಕೊಳ್ಳುವ ಮುನ್ನ ನಂಬರೂ ಓದಿ. ಚಾಸಿಸ್ ನಂಬರು ಎಂಜಿನ್ ಕೋಣೆಯಲ್ಲಿ ಡ್ರೈವರ್ ಬದಿಯ ಒಳ ಫೆಂಡರ್ ಮೇಲೆ ಒತ್ತಿರುತ್ತದೆ. ಮೊದಲ ಅಂಕಿ 7 ಎಂದರೆ 1967. ನಂತರದ ಅಕ್ಷರ ಕಾರ್ಖಾನೆ: ಎಫ್ ಡಿಯರ್‌ಬಾರ್ನ್, ಆರ್ ಸ್ಯಾನ್ ಹೋಸೆ, ಟಿ ಮೆಟುಚೆನ್. ಆಮೇಲೆ 01 ಹಾರ್ಡ್‌ಟಾಪ್, 02 ಫಾಸ್ಟ್‌ಬ್ಯಾಕ್ (ರೂಫ್ ಹಿಂದಕ್ಕೆ ಇಳಿಜಾರಾಗಿರುವುದು), 03 ಕನ್ವರ್ಟಿಬಲ್. ಅದರ ಮುಂದಿನ ಅಕ್ಷರ ಎಂಜಿನ್ನಿನದು: ಸಿ ಮತ್ತು ಎ 289 ವಿ8, ಎಸ್ 390 ವಿ8 (ಈ ಸಂಖ್ಯೆ ಘನ ಇಂಚಿನಲ್ಲಿ ಎಂಜಿನ್ ಗಾತ್ರ), ಟಿ ಆರು ಸಿಲಿಂಡರ್. ಟಿ ಇದ್ದ ಕಾರಿಗೆ ವಿ8 ಕೂರಿಸಿ ಮಾರುವುದು ಹೊಸದೇನಲ್ಲ. ಚಕ್ರದ ನಟ್ಟು ಎಣಿಸಿ: ಆರು ಸಿಲಿಂಡರಿಗೆ ನಾಲ್ಕು, ವಿ8ಗೆ ಐದು. ಆ ಪರಿವರ್ತನೆಯಲ್ಲಿ ಎಂಜಿನ್ ಮಾತ್ರ ಬದಲಾಗಿ ಬ್ರೇಕು, ಆಕ್ಸಲ್ ಹಳೆಯವೇ ಉಳಿದಿದ್ದರೆ ಆ ಖರ್ಚೂ ನಿಮ್ಮ ತಲೆಗೇ.

ಬಿಚ್ಚುವಾಗ ಪ್ರತಿ ಭಾಗದ ಫೋಟೋ ತೆಗೆದು, ಬೋಲ್ಟುಗಳನ್ನು ಜಿಪ್ ಚೀಲದಲ್ಲಿ ಹಾಕಿ ಹೆಸರು ಬರೆಯಿರಿ. ಹೆಚ್ಚಿನ ಕಷ್ಟ ಬರುವುದು ತಗಡಿನ ಕೆಲಸದಲ್ಲಿ.

ಕೌಲ್ ತೆರೆಯಲು ಬಾನೆಟ್, ಎರಡು ಮುಂದಿನ ಫೆಂಡರ್, ವೈಪರ್, ಗಾಜು ಎಲ್ಲ ಕಳಚಬೇಕು. ಮೇಲಿನ ತಗಡನ್ನು ಹಿಡಿದಿರುವುದು ಸಾಲು ಸಾಲು ಸ್ಪಾಟ್ ವೆಲ್ಡ್. 8 ಮಿ.ಮೀ. ಸ್ಪಾಟ್ ವೆಲ್ಡ್ ಕಟರ್‌ನಿಂದ ಮೇಲಿನ ಪದರವನ್ನಷ್ಟೇ ಕೊರೆಯಿರಿ; ಕೆಳಗಿನ ಪದರ ತೂತಾದರೆ ಆಮೇಲೆ ಅದನ್ನೂ ತುಂಬಬೇಕಾಗುತ್ತದೆ. ಕೊಳೆತ ಟೋಪಿಗಳನ್ನು ಕತ್ತರಿಸಿ ಹೊಸವನ್ನು ವೆಲ್ಡ್ ಮಾಡಿ, ಎಪಾಕ್ಸಿ ಪ್ರೈಮರ್ ಹಚ್ಚಿ, ಎಲ್ಲ ಅಂಚಿಗೂ ಸೀಮ್ ಸೀಲರ್ ಎಳೆದ ಮೇಲೆಯೇ ಮುಚ್ಚಿ. ಕೆಳಗಿನಿಂದ ಪ್ಲಾಸ್ಟಿಕ್ ಬಟ್ಟಲು ಅಂಟಿಸುವ ಕಿಟ್‌ಗಳೂ ಸಿಗುತ್ತವೆ. ಸೋರಿಕೆ ಸ್ವಲ್ಪ ದಿನ ತಡೆದಾವು, ತುಕ್ಕು ಮಾತ್ರ ಒಳಗೇ ಬೆಳೆಯುತ್ತಿರುತ್ತದೆ.

ಇನ್ನು ಫ್ಲೋರ್. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಹಾಗಾಗಿ ಫ್ಲೋರ್ ಕತ್ತರಿಸಿದ ಕ್ಷಣದಿಂದ ಬಾಡಿ ಬಾಗಲು ಶುರುವಾಗುತ್ತದೆ, ಕನ್ವರ್ಟಿಬಲ್ ಇನ್ನೂ ಬೇಗ. ಕಾರಿನ ಭಾರ ಹಿಂದಿನ ಆಕ್ಸಲ್ ಮತ್ತು ಮುಂದಿನ ಸಸ್ಪೆನ್ಷನ್ ಮೇಲೆ ಬರುವಂತೆ ಸ್ಟ್ಯಾಂಡ್ ಕೊಡಿ. ಬಾಗಿಲಿನ ಸಂದು ಎಲ್ಲ ಕಡೆ ಸಮವಾಗಿದೆಯೇ ನೋಡಿಕೊಂಡು ಅಳತೆ ಬರೆದಿಟ್ಟುಕೊಳ್ಳಿ. ನಂತರ 1 ಇಂಚಿನ ಚೌಕ ಪೈಪನ್ನು ಬಾಗಿಲಿನ ಹಿಂಜ್ ಕಂಬದಿಂದ ಲಾಕ್ ಕಂಬಕ್ಕೆ, ಒಂದು ಬದಿಯಿಂದ ಇನ್ನೊಂದು ಬದಿಗೆ ವೆಲ್ಡ್ ಮಾಡಿ ಬಿಗಿ ಕೊಡಿ. ಎರಡೂ ಬದಿ ಒಟ್ಟಿಗೆ ಕತ್ತರಿಸಬೇಡಿ. ಒಂದು ಬದಿ ಪೂರ್ತಿ ಕೂರಿಸಿ, ಅಳತೆ ಮತ್ತೆ ಹಿಡಿದು, ಆಮೇಲೆ ಇನ್ನೊಂದು.

ಹೊಸ ಫ್ಲೋರ್ 18 ಗೇಜಿನದು, ಸುಮಾರು 1.2 ಮಿ.ಮೀ. ಮಿಗ್ ವೆಲ್ಡರ್‌ಗೆ 0.6 ಮಿ.ಮೀ. ತಂತಿ, ಶೇ. 75 ಆರ್ಗಾನ್ ಮತ್ತು ಶೇ. 25 ಕಾರ್ಬನ್ ಡೈಆಕ್ಸೈಡ್ ಮಿಶ್ರಣ ಸಾಕು. ಇಂಚಿಗೊಂದು ಚುಕ್ಕೆ ಹಾಕುತ್ತಾ, ಒಂದೇ ಕಡೆ ನಿಲ್ಲದೆ ಆಚೀಚೆ ಹಾರುತ್ತಾ ಹೋಗಿ. ಉದ್ದಕ್ಕೆ ಒಂದೇ ಗೆರೆ ಎಳೆದರೆ ಶಾಖಕ್ಕೆ ತಗಡು ಹಪ್ಪಳದ ಹಾಗೆ ಉಬ್ಬುತ್ತದೆ. ಎರಡು ತಗಡು ಒಂದರ ಮೇಲೊಂದು ಬರುವ ಕಡೆ ವೆಲ್ಡ್-ಥ್ರೂ ಪ್ರೈಮರ್ ಹಚ್ಚಿ. ಇದೆಲ್ಲಕ್ಕೂ ಮೊದಲು ಪೆಟ್ರೋಲ್ ಟ್ಯಾಂಕ್ ಕಳಚಿ ಗ್ಯಾರೇಜಿನಿಂದ ಹೊರಗಿಡಿ. ಮಸ್ಟ್ಯಾಂಗಿನಲ್ಲಿ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಹಿಂದೆ ಹಾರಿದ ಒಂದು ಕಿಡಿ ಸಾಕು.

ಮುಂದಿನ ಸಸ್ಪೆನ್ಷನ್‌ನಲ್ಲಿ ಕಾಯಿಲ್ ಸ್ಪ್ರಿಂಗ್ ಮೇಲಿನ ಆರ್ಮ್ ಮೇಲೆ ಕೂತಿದೆ. ಅದಕ್ಕೆ ಸರಿಹೊಂದುವ, ಟವರ್ (ಸ್ಪ್ರಿಂಗ್ ಇರುವ ತಗಡಿನ ಗೂಡು) ಒಳಗಿನಿಂದ ಹಾಕುವ, ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಮುಟ್ಟಬೇಡಿ. ಜಾರಿದ ಸ್ಪ್ರಿಂಗ್ ಪ್ರಾಣ ತೆಗೆಯಬಲ್ಲದು. ಸ್ಪ್ರಿಂಗ್ ಹೊರಬಂದಾಗ ಟವರ್‌ಗೆ ಬಿರುಕು ಬಿಟ್ಟಿದೆಯೇ ನೋಡಿ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತದೆ, ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಮಾಡಿ ಒರೆಸಿ. ಡ್ರಮ್ ಜೋಡಿಸುವಾಗ ಚಿಕ್ಕ ಲೈನಿಂಗ್ ಇರುವ ಶೂ ಕಾರಿನ ಮುಂದಿನ ಕಡೆ ಬರಬೇಕು. ತಿರುಗುಮುರುಗಾದರೆ ಬ್ರೇಕ್ ಹಿಡಿಯುವುದೇ ಇಲ್ಲವೇನೋ ಎನಿಸುತ್ತದೆ. ರಬ್ಬರ್ ಹೋಸುಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ, ಎಲ್ಲವನ್ನೂ ಹೊಸದಾಗಿ ಹಾಕಿ. ಪೆಟ್ರೋಲ್ ಹೋಸುಗಳೂ ಅಷ್ಟೇ, ಈಗಿನ ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಮೆತ್ತಗೆ ಮಾಡಿಬಿಡುತ್ತದೆ.

289 ಎಂಜಿನ್ ಬಿಚ್ಚಿದಾಗ ಮೊದಲು ಟೈಮಿಂಗ್ ಕವರ್ ತೆಗೆಯಿರಿ. ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ನ ಮೂಲ ಗಿಯರಿಗೆ ಸದ್ದು ಕಡಿಮೆಯಾಗಲೆಂದು ನೈಲಾನ್ ಹಲ್ಲು ಕೂರಿಸಿದ್ದರು. ವಯಸ್ಸಾದ ನೈಲಾನ್ ಚೂರಾಗಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಆಯಿಲ್ ಒತ್ತಡ ಬೀಳುತ್ತದೆ. ಪೂರ್ತಿ ಲೋಹದ ಗಿಯರ್ ಸೆಟ್ ಹಾಕಿ. ಸೀಸವಿಲ್ಲದ ಪೆಟ್ರೋಲು ಎಕ್ಸಾಸ್ಟ್ ವಾಲ್ವ್ ಸೀಟುಗಳನ್ನು ಸವೆಸುತ್ತದೆ. ಹೆಡ್ ಮಷಿನ್ ಶಾಪಿಗೆ ಹೋದಾಗಲೇ ಗಟ್ಟಿ ಸೀಟು ಹಾಕಿಸಿ. ಹೆಡ್ ಬೋಲ್ಟುಗಳನ್ನು ಮೂರು ಸುತ್ತಿನಲ್ಲಿ ಬಿಗಿಯಿರಿ: 50, 60, ಕೊನೆಗೆ 65ರಿಂದ 72 ಅಡಿ-ಪೌಂಡ್. ಬ್ಯಾಲೆನ್ಸರ್, ಫ್ಲೈವೀಲ್ ಕೊಳ್ಳುವಾಗ 28 ಔನ್ಸ್-ಇಂಚಿನದೇ (ಎಂಜಿನ್ ನಡುಕ ಸರಿದೂಗಿಸುವ ತೂಕದ ಅಳತೆ) ಕೇಳಿ. 1980ರ ದಶಕದಲ್ಲಿ ಬಂದ 302ರ 50 ಔನ್ಸಿನ ಭಾಗಗಳು ನೋಡಲು ಅದೇ ಥರ, ಬೋಲ್ಟೂ ಕೂರುತ್ತದೆ. ಆದರೆ ಇಡೀ ಕಾರು ಗಡಗಡ ನಡುಗುತ್ತದೆ.

ಹೊಸ ಕ್ಯಾಮ್ ಹಾಳಾಗುವುದು ಮೊದಲ ಅರ್ಧ ಗಂಟೆಯಲ್ಲಿ. ಫ್ಲಾಟ್ ಟ್ಯಾಪೆಟ್ ಕ್ಯಾಮ್‌ನ ಉಬ್ಬುಗಳಿಗೆ ಆಯಿಲ್ ಸಿಗುವುದು ತಿರುಗುವ ಕ್ರ್ಯಾಂಕ್ ಎರಚಿದ್ದರಿಂದ. ಐಡಲ್‌ನಲ್ಲಿ ಆ ಎರಚಲು ಸಾಲದು. ಆದ್ದರಿಂದ ಸ್ಟಾರ್ಟ್ ಆದ ಕೂಡಲೇ 2,000ದಿಂದ 2,500 ಆರ್‌ಪಿಎಂಗೆ ಏರಿಸಿ, ಏರಿಳಿಸುತ್ತಾ 20ರಿಂದ 30 ನಿಮಿಷ ಓಡಿಸಿ. ಇದಾಗಬೇಕಾದರೆ ಎಂಜಿನ್ ಮೊದಲ ಯತ್ನದಲ್ಲೇ ಹೊತ್ತಿಕೊಳ್ಳಬೇಕು. ಕ್ಯಾಮ್‌ಗೆ ಅಸೆಂಬ್ಲಿ ಲ್ಯೂಬ್ ಬಳಿದು, ಸತು-ರಂಜಕದ ಅಂಶ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಫಿಲ್ಟರ್ ಸೇರಿ 5 ಕ್ವಾರ್ಟ್ ಹಾಕಿ. ಡಿಸ್ಟ್ರಿಬ್ಯೂಟರ್ ಕೂರಿಸುವ ಮುನ್ನ ಅದೇ ರಂಧ್ರದಲ್ಲಿ ಕಾಲಿಂಚಿನ ಷಟ್ಕೋನ ಸಾಕೆಟ್ ಇಳಿಸಿ, ಡ್ರಿಲ್ ಯಂತ್ರವನ್ನು ರಿವರ್ಸ್‌ಗೆ ಹಾಕಿ ಪಂಪ್ ತಿರುಗಿಸಿ. ಗೇಜಿನಲ್ಲಿ ಒತ್ತಡ ಬರಬೇಕು, ರಾಕರ್‌ಗಳಿಗೆ ಆಯಿಲ್ ಏರಬೇಕು. ಫೈರಿಂಗ್ ಕ್ರಮ 1-5-4-2-6-3-7-8, ರೋಟರ್ ಗಡಿಯಾರಕ್ಕೆ ಎದುರು ದಿಕ್ಕು. ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪಾಯಿಂಟ್‌ಗಳ ಸಂದು 0.017 ಇಂಚು. ಪಾಯಿಂಟ್ ಬಿಟ್ಟು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವವರು ಒಂದು ಮಾತು ಗಮನಿಸಿ: ಕಾಯಿಲ್‌ಗೆ ಬರುವ ಗುಲಾಬಿ ಬಣ್ಣದ ತಂತಿ ಬೇಕೆಂದೇ ವೋಲ್ಟೇಜ್ ಇಳಿಸುತ್ತದೆ. ಕಿಟ್ 12 ವೋಲ್ಟ್ ಕೇಳಿದರೆ ಆ ತಂತಿಗಿಂತ ಮೊದಲಿನ ಜಾಗದಿಂದ ಕರೆಂಟ್ ತನ್ನಿ.

ಬಣ್ಣದ ತಯಾರಿ ಮನೆಯಲ್ಲಿ, ಬಣ್ಣ ಹೊಡೆಯುವುದು ಬೂತ್‌ನಲ್ಲಿ: ನಮ್ಮ ಸಲಹೆ ಇದೇ. ಗಟ್ಟಿಕಾರಕ ಬೆರೆಸುವ ಯುರೇಥೇನ್ ಬಣ್ಣದಲ್ಲಿ ಐಸೊಸೈಯನೇಟ್ ಎಂಬ ಉಸಿರಾಟಕ್ಕೆ ಅಪಾಯದ ರಾಸಾಯನಿಕ ಇದೆ, ಹೊರಗಿನಿಂದ ಗಾಳಿ ಕೊಡುವ ಮುಖವಾಡ ಬೇಕು. ತಯಾರಿಯಲ್ಲಿ ಬರಿ ತಗಡಿಗೆ ಎರಡು ಕೋಟ್ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ. ಪುಟ್ಟಿ 3 ಮಿ.ಮೀ. ದಾಟಿದರೆ ಮುಂದೆ ಬಿರುಕು ಬಿಡುತ್ತದೆ, ತಗಡನ್ನೇ ಇನ್ನಷ್ಟು ತಟ್ಟಿ ಸಮ ಮಾಡಿ. ರೂಫ್ ಮತ್ತು ಹಿಂದಿನ ಪ್ಯಾನಲ್ ಕೂಡುವ ಕಡೆ ಕಾರ್ಖಾನೆಯಲ್ಲೇ ಸೀಸ ತುಂಬಿದ್ದಾರೆ, ಅದನ್ನು ಗ್ರೈಂಡರ್‌ನಿಂದ ಉಜ್ಜಿ ಧೂಳೆಬ್ಬಿಸಬೇಡಿ.

ಬಣ್ಣವಾದ ಬಾಡಿಗೆ ಅರ್ತ್ ಸಿಗದೆ ಲೈಟು ಮಂಕಾಗುವುದು ಸಾಮಾನ್ಯ; ಎಂಜಿನ್‌ನಿಂದ ಫೈರ್‌ವಾಲ್‌ಗೆ ಹೋಗುವ ಅರ್ತ್ ಪಟ್ಟಿಯ ಜಾಗದಲ್ಲಿ ಬಣ್ಣ ಕೆರೆದು ಬಿಗಿಯಿರಿ. ಪೆಟ್ರೋಲ್ ಮತ್ತು ಶಾಖದ ಮುಳ್ಳು ಎರಡೂ ಒಟ್ಟಿಗೆ ಕೊನೆಗೆ ಹೋಗಿ ನಿಂತರೆ ಅಳತೆ ಕಳಿಸುವ ಸೆಂಡರ್‌ಗಳನ್ನು ಬಿಚ್ಚಬೇಡಿ, ಡ್ಯಾಶ್ ಹಿಂದಿನ ಚಿಕ್ಕ ವೋಲ್ಟೇಜ್ ರೆಗ್ಯುಲೇಟರ್ ಬದಲಿಸಿ.

ಕಾರ್ಪೆಟ್ ಹಾಸುವ ಮುನ್ನ ಕೌಲ್‌ಗೆ ಮತ್ತೊಮ್ಮೆ ನೀರು ಬಿಡಿ. ಫ್ಲೋರ್ ಮೇಲೆ ಹಳೆ ಪೇಪರ್ ಹರಡಿಟ್ಟರೆ ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ.