ಯಾವ ತಿಂಗಳ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಕು?

‘ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್’ ಎಂಬುದು ಸೋಲಾರ್ ಪ್ಯಾನೆಲ್ ಮಾರುವವರ ಮಾತು. ವರ್ಷದ ಸರಾಸರಿಯಾಗಿ ಅದು ಸುಳ್ಳಲ್ಲ. ಆದರೆ ಬೆಂಗಳೂರಿನ ಮಾರ್ಚ್ ಬಿಸಿಲೇ ಬೇರೆ, ಆಷಾಢದ ಮೋಡವೇ ಬೇರೆ.

ಬಿಸಿಲಿನ ಅಂಕಿಗಳು ಪುಕ್ಕಟೆ ಸಿಗುತ್ತವೆ. ನಾಸಾ ಪವರ್ ತಾಣದಲ್ಲಿ ಅಕ್ಷಾಂಶ 12.97, ರೇಖಾಂಶ 77.59 ಕೊಟ್ಟು ಹತ್ತು ವರ್ಷದ ದಿನವಾರು ಜಿಎಚ್‌ಐ ಇಳಿಸಿಕೊಳ್ಳಿ. ಸಮತಟ್ಟಾದ ಒಂದು ಚದರ ಮೀಟರಿನ ಮೇಲೆ ಬೀಳುವ ಒಟ್ಟು ಬಿಸಿಲು ಅದು. ಅಂಕಿ ಮೆಗಾಜೂಲ್‌ನಲ್ಲಿದ್ದರೆ 3.6ರಿಂದ ಭಾಗಿಸಿ: 18 ಎಂದು ಕಂಡದ್ದು ನಿಜಕ್ಕೂ 5 ಯೂನಿಟ್. ಮಾರ್ಚ್‌ನಲ್ಲಿ ಸರಾಸರಿ 6 ದಾಟುತ್ತದೆ, ಜುಲೈಯಲ್ಲಿ 5ರ ಕೆಳಗಿಳಿಯುತ್ತದೆ.

ಗ್ರಿಡ್‌ಗೆ ಜೋಡಿಸುವುದಾದರೆ ವರ್ಷದ ಸರಾಸರಿ 5.3 ಸಾಕು. ಮಳೆಗಾಲದ ಕೊರತೆಯನ್ನು ಬೆಸ್ಕಾಂ ಲೈನ್ ತುಂಬುತ್ತದೆ. ತಿಂಗಳಿಗೆ 300 ಯೂನಿಟ್ ಉರಿಸುವ ಮನೆಗೆ ದಿನಕ್ಕೆ 10 ಬೇಕು. 10 ÷ (5.3 × 0.75), ಅಂದರೆ ಎರಡೂವರೆ ಕಿಲೋವ್ಯಾಟ್. ಶಾಖ, ಧೂಳು, ವೈರು, ಇನ್ವರ್ಟರ್ ತಿನ್ನುವ ಪಾಲು ಕಳೆದು ಉಳಿಯುವುದೇ ಆ 0.75.

ಬ್ಯಾಟರಿಯನ್ನೇ ನೆಚ್ಚಿದವರಿಗೆ ಈ ಲೆಕ್ಕ ಕೈಕೊಡುತ್ತದೆ. ಅವರು ಜುಲೈಯ 4.5 ಹಿಡಿಯಬೇಕು, ಬ್ಯಾಟರಿಯ ನಷ್ಟವೂ ಸೇರಿ 0.65: ಅದೇ ಮನೆಗೆ 3.4 ಕಿಲೋವ್ಯಾಟ್. ತಿಂಗಳ ಸರಾಸರಿಯೂ ಮೋಸ ಮಾಡುತ್ತದೆ. ದಿನವಾರು ಪಟ್ಟಿಯಲ್ಲಿ ಸತತ ಎಷ್ಟು ದಿನ 3ಕ್ಕಿಂತ ಕಡಿಮೆ ಇತ್ತೆಂದು ಎಣಿಸಿ. ಬ್ಯಾಟರಿ ಎಷ್ಟು ದಿನ ತಾಳಬೇಕೆಂದು ಹೇಳುವುದು ಆ ಎಣಿಕೆ. ಇನ್ನೊಂದು ಮಾತು: ಏಪ್ರಿಲ್ 24ರಿಂದ ಆಗಸ್ಟ್ 18ರವರೆಗೆ ನಡುಹಗಲ ಸೂರ್ಯ ಇಲ್ಲಿ ನೆತ್ತಿಯ ಉತ್ತರಕ್ಕಿರುತ್ತಾನೆ. ಜುಲೈ ಮುಖ್ಯವಾದವರು ಪ್ಯಾನೆಲನ್ನು ದಕ್ಷಿಣಕ್ಕೆ 10 ಡಿಗ್ರಿಗಿಂತ ಹೆಚ್ಚು ಓರೆ ಮಾಡುವುದು ಬೇಡ. ಮಳೆನೀರು ಧೂಳು ತೊಳೆದು ಹರಿಯಲು ಅಷ್ಟು ಸಾಕು.

ನೀರು ಕಾಯಿಸುವ ಸೋಲಾರ್ ಹೀಟರಿಗೆ ಡಿಸೆಂಬರ್-ಜನವರಿಯೇ ಪರೀಕ್ಷೆ. 100 ಲೀಟರ್ ನೀರು 20ರಿಂದ 60 ಡಿಗ್ರಿಗೆ ಏರಲು 4.65 ಯೂನಿಟ್ ಬೇಕು. ಬಿಸಿಲು ಹೀರುವ 2 ಚದರ ಮೀಟರ್ ಫಲಕ (ಕಲೆಕ್ಟರ್) ಅರ್ಧ ದಕ್ಷತೆಯಲ್ಲಿ ದಿನಕ್ಕೆ ಕೊಡುವುದು ಸುಮಾರು 5. ಮನೆಗೆ ನೆಂಟರು ಬಂದರೆ ಗೀಸರೇ ಗತಿ. ಆ ಫಲಕವನ್ನು ದಕ್ಷಿಣಕ್ಕೆ 25 ಡಿಗ್ರಿ ಓರೆ ಇಟ್ಟರೆ ಚಳಿಗಾಲದ ಬಿಸಿಲು ಹೆಚ್ಚು ನೇರ ಬೀಳುತ್ತದೆ.

ಪ್ಯಾನೆಲ್ ಎಷ್ಟು ಕೊಡುತ್ತದೆಂದು ಲೆಕ್ಕ ಹಾಕುವ ತಂತ್ರಾಂಶ ಬದಲಿಸುವಾಗ ದಿಕ್ಕಿನ ಅಂಕಿ ನೋಡಿಕೊಳ್ಳಿ: ಪಿವಿಜಿಐಎಸ್‌ನಲ್ಲಿ ದಕ್ಷಿಣ ಎಂದರೆ 0, ಪಿವಿವ್ಯಾಟ್ಸ್‌ನಲ್ಲಿ 180.

ಈ ಬಿಸಿಲಿನ ಅಂಕಿ ಕೊಡುವ ಉಪಗ್ರಹಕ್ಕೆ ಪಕ್ಕದ ಮನೆಯ ನೀರಿನ ಟ್ಯಾಂಕು ಕಾಣದು. ಡಿಸೆಂಬರ್ 21ರ ಬೆಳಿಗ್ಗೆ 9ಕ್ಕೆ 2 ಮೀಟರ್ ಎತ್ತರದ ಟ್ಯಾಂಕಿನ ನೆರಳು ವಾಯವ್ಯಕ್ಕೆ ಮೂರೂವರೆ ಮೀಟರ್ ಚಾಚುತ್ತದೆ. ಸ್ಟ್ಯಾಂಡ್ ಬೋಲ್ಟ್ ಹೊಡೆಯುವ ಮೊದಲು ತಾರಸಿಯ ಮೇಲೆ ಅಷ್ಟು ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಬಿಡಿ.