ಹಳೇ ಲಿಥೋ ಪೋಸ್ಟರ್: ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಿ

ಚಿತ್ರಕಾರರಾದ ಪಿಕಾಸೊ, ಶಗಾಲ್, ಮಿರೊ ಅವರ ಪ್ರದರ್ಶನಗಳಿಗೆಂದು ಲಿಥೋದಲ್ಲಿ, ಅಂದರೆ ಕಲ್ಲಚ್ಚಿನಲ್ಲಿ, ಅಚ್ಚಾದ ಪೋಸ್ಟರುಗಳು ಈಗ ಹರಾಜಿಗೆ ಬರುತ್ತವೆ. ಬಹಳಷ್ಟು ಅಚ್ಚಾದದ್ದು ಪ್ಯಾರಿಸ್ಸಿನ ಫರ್ನಾಂಡ್ ಮೂರ್ಲೊ ಅಚ್ಚುಕೂಟದಲ್ಲಿ. 1945ರ ಕೊನೆಗೆ ಪಿಕಾಸೊ ಕಲ್ಲಿನ ಮೇಲೆ ಚಿತ್ರ ಬರೆಯಲು ಕೂತದ್ದು ಅಲ್ಲೇ. ಅಂಥದ್ದೊಂದು ಕೈಗೆ ಸಿಕ್ಕರೆ ಎಲ್ಲರೂ ಮೊದಲು ಸಹಿ ಹುಡುಕುತ್ತಾರೆ. ಅದನ್ನು ಕೊನೆಗಿಡಿ.

ಮೊದಲು ಚೌಕಟ್ಟು ಬಿಚ್ಚಿಸಿ. ಗಾಜಿನ ಮೇಲಿಂದ ಏನೂ ತಿಳಿಯದು. ಮಾರುವವರು ಬಿಚ್ಚಲು ಒಲ್ಲೆನೆಂದರೆ ವ್ಯಾಪಾರ ಅಲ್ಲಿಗೇ ಬಿಡಿ.

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಕಲ್ಲಚ್ಚಿನಲ್ಲಿ ಜಿಡ್ಡಿನ ಬಳಪದ ಗೆರೆಗೆ ಮಾತ್ರ ಶಾಯಿ ಹತ್ತುತ್ತದೆ, ಒದ್ದೆ ಕಲ್ಲು ಅದನ್ನು ದೂರವಿಡುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಅಥವಾ ಸತುವಿನ ತಗಡು. ಹಾಗಾಗಿ ಕೆಂಪು ಎಂದರೆ ಕೆಂಪು ಶಾಯಿಯೇ, ಅಂಚಿನಲ್ಲಿ ಬಳಪದ ಒರಟು ತರಿ. ಆಫ್‌ಸೆಟ್ (ಫೋಟೊ ತೆಗೆದು ಯಂತ್ರದಲ್ಲಿ ಅಚ್ಚು ಹಾಕಿದ) ನಕಲಿನಲ್ಲಾದರೆ ಅದೇ ಕೆಂಪು ಗುಲಾಬಿ, ಹಳದಿ ಚುಕ್ಕಿಗಳಾಗಿ ಒಡೆಯುತ್ತದೆ, ಚುಕ್ಕಿಗಳು ಸಾಲುಗಟ್ಟಿ ನಿಂತಿರುತ್ತವೆ. ಕೆಳಗಿನ ‘ಮೂರ್ಲೊ’ ಎಂಬ ಅಕ್ಷರಗಳನ್ನೂ ಹೀಗೇ ನೋಡಿ. ಫೋಟೊ ತೆಗೆದು ಅಚ್ಚು ಹಾಕಿದವರು ಆ ಹೆಸರನ್ನೂ ಸೇರಿಸಿಯೇ ಹಾಕಿರುತ್ತಾರೆ. ಕಣ್ಣಿಗೆ ಅಭ್ಯಾಸ ಬೇಕೆಂದರೆ ಅಜ್ಜಿಮನೆಯ ಹಳೇ ರವಿವರ್ಮ ಪ್ರೆಸ್ಸಿನ ಲಕ್ಷ್ಮಿಯನ್ನು ಇಳಿಸಿ ನೋಡಿ. ಅದೂ ಕಲ್ಲಚ್ಚೇ, ಚುಕ್ಕಿಗಳಿದ್ದರೂ ಕೈಯಲ್ಲಿ ಇಟ್ಟವಾದ್ದರಿಂದ ಒಂದರಂತೆ ಇನ್ನೊಂದಿಲ್ಲ.

ಭೂತಗನ್ನಡಿಯ ಪರೀಕ್ಷೆ ಗೆದ್ದರೂ ಅಳತೆಯ ಟೇಪು ಹಿಡಿಯಲೇಬೇಕು. ಹೆಚ್ಚಿನವರು ಬೀಳುವುದು ಇಲ್ಲೇ. 1959ರಲ್ಲಿ ಮೂರ್ಲೊ ಅವರೇ ಈ ಪೋಸ್ಟರುಗಳನ್ನು ಪುಸ್ತಕದ ಅಳತೆಗೆ ಇಳಿಸಿ ಮತ್ತೆ ಲಿಥೋದಲ್ಲೇ ಮುದ್ರಿಸಿದ್ದರು. ಆ ಹಾಳೆಗಳನ್ನು ಕಿತ್ತು ಚೌಕಟ್ಟು ಹಾಕಿಸಿ ‘ಮೂಲ ಪೋಸ್ಟರ್’ ಎಂದು ಮಾರುವವರಿದ್ದಾರೆ. ಹಾಳೆ ಸುಳ್ಳಲ್ಲ, ಹೇಳುವ ಮಾತು ಸುಳ್ಳು. ಉದ್ದ ಮೂವತ್ತು ಸೆಂಟಿಮೀಟರಿನ ಆಸುಪಾಸಿನಲ್ಲಿದ್ದರೆ ಪುಸ್ತಕದ ಹಾಳೆಯೆಂದೇ ಶಂಕಿಸಿ. ದೊಡ್ಡದಿದ್ದರೂ ಆ ಕಲಾವಿದರ ಪೋಸ್ಟರುಗಳನ್ನು ಪಟ್ಟಿಮಾಡಿದ ಕ್ಯಾಟಲಾಗಿನ ಅಳತೆಗೆ ಹೋಲಿಸಿ, ಅಂಚು ಕತ್ತರಿಸಿರಬಹುದು.

ಈಗ ಸಹಿ. ಚಿತ್ರದೊಳಗಿನದು ಅಚ್ಚಿನ ಸಹಿ, ಅದಕ್ಕೆ ಬೇರೆ ಬೆಲೆಯಿಲ್ಲ. ಪೆನ್ಸಿಲ್ ಸಹಿಯಿದ್ದರೆ ದಾಖಲೆ ಕೇಳಿ. ಶಗಾಲ್ ಪೋಸ್ಟರಿನಲ್ಲಿ ಶಾರ್ಲ್ ಸೊರ್ಲಿಯೆ ಎಂಬ ಹೆಸರು ಕಂಡರೆ ಗಾಬರಿ ಬೇಡ, ಶಗಾಲರ ಚಿತ್ರಗಳನ್ನು ಕಲ್ಲಿಗಿಳಿಸುತ್ತಿದ್ದ ಕುಶಲಕರ್ಮಿ ಅವರು.

ಕೊನೆಗೆ ಬೆನ್ನು ನೋಡಿ. ಬಟ್ಟೆಗೆ ಅಂಟಿಸಿದ್ದರೆ ತೊಂದರೆಯಿಲ್ಲ, ಬೇಕಾದಾಗ ಪರಿಣತರು ಬಿಡಿಸಿಕೊಡುತ್ತಾರೆ. ರಟ್ಟಿಗೆ ಗಟ್ಟಿಯಾಗಿ ಅಂಟಿಸಿದ್ದನ್ನು ಮಾತ್ರ ನಾನಾದರೆ ಅರ್ಧ ಬೆಲೆಗೂ ಕೊಳ್ಳುವುದಿಲ್ಲ.