ಅಪ್ಪನ ಧೋತರ ಒಳಗೆ, ಆಯಿಯ ಸೆರಗು ಮೇಲೆ

ಹಳೆಯ ಬಟ್ಟೆಗಳ ಹೊದಿಕೆಯಾದ ಕೌದಿ ಹೊಲಿಯಬೇಕೆಂದರೆ ಮೊದಲು ಟ್ರಂಕು ಖಾಲಿಯಾಗಬೇಕು. ನಮ್ಮ ಮನೆಯಲ್ಲಿ ತೀರಿಕೊಂಡ ಹಿರಿಯರ ಬಟ್ಟೆಗಳನ್ನು ನುಸಿಗುಳಿಗೆ ಹಾಕಿ ಮುಚ್ಚಿಡುವುದೇ ರೂಢಿಯಾಗಿತ್ತು. ವರ್ಷಕ್ಕೊಮ್ಮೆ ಬಿಸಿಲು ತೋರಿಸಿ ಮತ್ತೆ ಒಳಗೆ ಸೇರಿಸುತ್ತಿದ್ದೆವು. ಹೀಗೆ ಇಟ್ಟರೂ ಬಟ್ಟೆ ಉಳಿಯುವುದಿಲ್ಲ. ಮಡಿಕೆ ಬಿದ್ದಲ್ಲೇ ರೇಷ್ಮೆ ಸೀಳುತ್ತದೆ, ಬಿಳಿ ಹತ್ತಿಗೆ ಹಳದಿ ಕಲೆ ಕೂರುತ್ತದೆ. ಆಯಿಯ, ಅಂದರೆ ಅಜ್ಜಿಯ ಸೀರೆಗಳೂ ಅಪ್ಪನ ಧೋತರಗಳೂ ಕತ್ತಲಲ್ಲಿ ಕೊಳೆಯುವುದಕ್ಕಿಂತ ಮಕ್ಕಳು ಹೊದ್ದುಕೊಳ್ಳಲಿ ಎಂದು ಅವ್ವನನ್ನು ಒಪ್ಪಿಸಿ, ಅವಳ ಜೊತೆಗೇ ಕೂತು ಕೌದಿ ಹೊಲಿದೆ.

ಬೇಸಿಗೆಯಲ್ಲಿ ಹೊಲದ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ನಾಲ್ಕೂ ಕಡೆ ಹೆಂಗಸರು ಕೂತು ಒಂದೇ ಕೌದಿಗೆ ಸೂಜಿ ಹಾಕುತ್ತಿದ್ದುದನ್ನು ಚಿಕ್ಕವಳಿದ್ದಾಗ ನೋಡಿದ್ದೆ. ಬೀದಿ ಬೀದಿ ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವವರೂ ಬರುತ್ತಿದ್ದರು. ಆದರೆ ನೋಡಿದ್ದೇ ಬೇರೆ, ಕೈಯಾರೆ ಮಾಡುವುದೇ ಬೇರೆ. ನಾನು ಬಟ್ಟೆಗಳನ್ನು ಬಣ್ಣದ ಪ್ರಕಾರ ಜೋಡಿಸಲು ಹೊರಟಾಗ ಅವ್ವ ತಡೆದಳು. "ಬಣ್ಣ ಆಮೇಲೆ ನೋಡು, ಮೊದಲು ಗಟ್ಟಿ ನೋಡು." ಪ್ರತಿ ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳಿನ ನಡುವೆ ಅಡ್ಡಕ್ಕೆ ಎಳೆದು ನೋಡಬೇಕು. ತಾಳಿದ್ದು ಮೇಲಿನ ಪದರಕ್ಕೆ, ಸವೆದದ್ದು ಒಳಗಿನ ಪದರಕ್ಕೆ, ಎಳೆದ ಕೂಡಲೇ ಪರ್ ಎಂದು ಹರಿದದ್ದು ಒರೆಸುವ ಬಟ್ಟೆಗೆ. ಕೆಂಪು ಬಟ್ಟೆಗಳಿಗೆ ಇನ್ನೊಂದು ಪರೀಕ್ಷೆ ಇದೆ. ಒದ್ದೆ ಬಿಳಿ ಅರಿವೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳದಿದ್ದರೆ, ಮೊದಲ ಒಗೆತಕ್ಕೇ ಪಕ್ಕದ ತುಂಡುಗಳೆಲ್ಲ ಗುಲಾಬಿಯಾಗುತ್ತವೆ.

ಅಳತೆಯನ್ನು ಸೀರೆಯೇ ಹೇಳಿಬಿಡುತ್ತದೆ. ಒಂಬತ್ತು ಗಜದ ಸೀರೆಯನ್ನು ನಾಲ್ಕು ಮಡಿಕೆ ಮಾಡಿದರೆ ಎರಡೂಕಾಲು ಗಜ ಉದ್ದ ಬರುತ್ತದೆ. ಎತ್ತರದ ಆಳು ಕಾಲು ಚಾಚಿ ಮಲಗಲು ಅಷ್ಟು ಸಾಕು. ಆಯಿಯ ಒಂದು ಹತ್ತಿ ಸೀರೆ ಹಾಗೆ ಅಡಿಪದರವಾಯಿತು. ಅದರ ಮೇಲೆ ಅಪ್ಪನ ಧೋತರಗಳು. ನೀಲಿ ಹಾಕಿ ಒಗೆದು ಒಗೆದು ಅವು ಎಷ್ಟು ಮೆತ್ತಗಾಗಿದ್ದವೆಂದರೆ, ನೆಲದ ಮೇಲೆ ಹರಡಿ ಕೈಯಾಡಿಸುವಾಗ ಅವ್ವ ಸುಮ್ಮನೆ ಅಲ್ಲೇ ಸ್ವಲ್ಪ ಹೊತ್ತು ಕೂತಳು. ಧೋತರ ಹೊರಗೆ ಕಾಣುವುದಿಲ್ಲ, ಆದರೆ ಹೊದ್ದಾಗ ಮೈಗೆ ಹತ್ತುವ ಮೆದು ಅದರದೇ. ಮೂಲೆಗಳಿಗೆ ಕಲ್ಲು ಹೇರಿ, ಸುಕ್ಕಿಲ್ಲದಂತೆ ಎಳೆದು, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಂಡೆವು. ಈ ಕೆಲಸಕ್ಕೆ ಅವಸರ ಸಲ್ಲದು. ಇಲ್ಲಿ ಉಳಿದ ಸುಕ್ಕನ್ನು ಆಮೇಲೆ ಯಾವ ಹೊಲಿಗೆಯೂ ತೆಗೆಯಲಾರದು.

ಮೇಲಿನ ಪದರದ ನಡುವೆ ಏನು ಬರಬೇಕೆಂಬುದರಲ್ಲಿ ನಮಗಿಬ್ಬರಿಗೂ ಅನುಮಾನವಿರಲಿಲ್ಲ. ಆಯಿಯ ಇಳಕಲ್ ಸೀರೆಯ ತೋಪುತೆನೆ ಸೆರಗು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳೇ ಬೇರೆ, ಸೆರಗಿನ ಹಾಸೇ ಬೇರೆ. ನೇಕಾರರು ಎರಡರ ಎಳೆಗಳನ್ನೂ ಕುಣಿಕೆಯಾಗಿ ಒಂದಕ್ಕೊಂದು ಸಿಕ್ಕಿಸಿ ನೇಯುತ್ತಾರೆ. ಅದೇ ಕೊಂಡಿ. ಕತ್ತರಿ ಹಾಕುವಾಗ ಕೊಂಡಿಯಿಂದ ನಾಲ್ಕು ಬೆರಳು ಈಚೆಗೆ, ಒಡಲಿನಲ್ಲೇ ಕತ್ತರಿಸಿದೆ. ಆ ಸಾಲು ಕೌದಿಯಲ್ಲಿ ಇಡಿಯಾಗಿ ಉಳಿಯಲಿ ಎಂಬುದು ನನ್ನ ಹಟ.

ಸೆರಗಿನ ಹತ್ತಿರದ ಒಡಲಿನಲ್ಲಿ ಆಯಿ ತನ್ನ ಕೈಯಿಂದಲೇ ಹಾಕಿದ್ದ ಕಸೂತಿ ಇತ್ತು. ಸಣ್ಣ ತುಳಸಿಕಟ್ಟೆಗಳ ಸಾಲು, ನಡುವೆ ಒಂದು ತೇರು. ಬಿಸಿಲಿಗೆ ಬಣ್ಣ ಕಂದಿತ್ತು. ಹೀಗೇ ಹಾಕುವುದೇ ಎಂದು ನಾನು ನೋಡುತ್ತಿರುವಾಗ ಅವ್ವ ಬಟ್ಟೆಯನ್ನು ತಿರುಗಿಸಿದಳು. ಒಳಮಗ್ಗುಲಲ್ಲಿ ಹಳದಿ ಹಳದಿಯಾಗಿಯೇ, ಹಸಿರು ಹಸಿರಾಗಿಯೇ ಇತ್ತು! ಕಸೂತಿಯ ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಏಕೆಂದರೆ ಸೂಜಿ ಬಿಟ್ಟುಹೋದ ಜಾಗವನ್ನು ಅದೇ ದಾರಿಯಲ್ಲಿ ಹಿಂದಿರುಗುತ್ತಾ ತುಂಬುತ್ತದೆ. ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿಯೇ ಇಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸುತ್ತಾರೆ. ಎಷ್ಟು ಹುಡುಕಿದರೂ ಆಯಿ ಎಲ್ಲಿ ಶುರು ಮಾಡಿದ್ದಳು, ಎಲ್ಲಿ ನಿಲ್ಲಿಸಿದ್ದಳು ಎಂಬುದು ನನಗೆ ಸಿಗಲಿಲ್ಲ. ಅಷ್ಟು ವರ್ಷ ಅವಳ ಬೆನ್ನಿಗೆ ತಾಗಿಕೊಂಡಿದ್ದ ಮಗ್ಗುಲನ್ನು ಮೇಲೆ ಮಾಡಿ ಹೊಲಿದೆವು. ಕೌದಿಯನ್ನು ನೋಡಿದವರೆಲ್ಲ ಈಗ ಮೊದಲು ಬೆರಳಿಡುವುದು ಅಲ್ಲಿಗೇ.

ಸುತ್ತಲಿನ ಚೌಕಗಳು ಬೇಗ ಕೂಡಿಬಂದವು. ಅಣ್ಣನ ಖಾಕಿ ಚಡ್ಡಿ, ಗುಳೇದಗುಡ್ಡದ ಖಣದ ಕುಬಸಗಳು, ನನ್ನ ಮಗನ ಕುಲಾಯಿ. ಚಿಗವ್ವ ತನ್ನ ಮದುವೆಯ ಕಾಲದ ನೈಲಾನ್ ಸೀರೆಯ ತುಂಡನ್ನು ಕಳಿಸಿದ್ದಳು. ನೈಲಾನ್ ಸೂಜಿಯ ಕೆಳಗೆ ಜಾರುತ್ತದೆ, ಬೆವರು ಹೀರುವುದಿಲ್ಲ. ಕೌದಿಗೆ ಅದನ್ನು ಹಾಕಲೇಬಾರದು ಎಂದು ಇಂದಿಗೂ ಹೇಳುತ್ತೇನೆ. ಆದರೆ ಚಿಗವ್ವನಿಲ್ಲದ ಕೌದಿ ನಮ್ಮ ಮನೆಯದಾಗುವುದು ಹೇಗೆ? ಹತ್ತಿ ಅರಿವೆಯ ಮೇಲೆ ಮೊದಲು ಅದನ್ನು ಕೂರಿಸಿ, ಆಮೇಲೆ ಕಾಲ ಬದಿಯ ಅಂಚಿಗೆ ಸೇರಿಸಿದೆವು.

ಹೊಲಿಗೆ ತೀರಾ ಸಾದಾ. ಮೊಳದುದ್ದದ ದಪ್ಪ ಹತ್ತಿ ದಾರಕ್ಕೆ ಮೇಣ ಸವರಿ, ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ ಬಿಟ್ಟು, ಉದ್ದಕ್ಕೂ ಹೋಗುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕ್ರಮ ಇದಕ್ಕಿಂತ ಬೇರೆ. ಅವರು ಅಂಚಿನಿಂದ ಆರಂಭಿಸಿ, ತುಂಡು ಕೂಡಿಸುತ್ತಾ ಹೊಲಿಯುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆಯದೇ ಹೂ ಇಡುತ್ತಾರೆ. ಅವರ ಕೌದಿಗಳ ಮುಂದೆ ನಿಂತರೆ ಕಣ್ಣು ತಣಿಯುವುದಿಲ್ಲ. ಒಮ್ಮೆಯಾದರೂ ಆ ರೀತಿ ಹೊಲಿಯುವ ಆಸೆ ನನಗಿದೆ.

ಮಿಷನ್ನಿನಲ್ಲಿ ಹೊಲಿದರೆ ಬೇಗ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ನಿಧಾನಕ್ಕೆ ಹೊಲಿಯುತ್ತಾ ಕೂತಿದ್ದರಿಂದಲೇ ಅವ್ವ ಮಾತಾಡಿದಳು. ಖಾಕಿ ಚಡ್ಡಿಯ ಸಾಲಿಗೆ ಬಂದಾಗ ಅಣ್ಣ ಶಾಲೆ ತಪ್ಪಿಸಿ ಹುಣಸೆಮರ ಹತ್ತಿದ ಕಥೆ. ಧೋತರದ ಅಂಚು ಕೈಗೆ ಸಿಕ್ಕಾಗ, ಬರ ಬಿದ್ದ ವರ್ಷ ಅಪ್ಪ ಎತ್ತು ಮಾರಿ ಬಂದು ಊಟ ಮಾಡದೆ ಮಲಗಿದ ಸಂಗತಿ. ಅದನ್ನು ಅವಳು ನನಗೆ ಅದುವರೆಗೆ ಹೇಳಿರಲೇ ಇಲ್ಲ. ಕೈಗೆ ಕೆಲಸವಿದ್ದು, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲದಾಗ ಇಂಥ ಮಾತು ಹೊರಬರುತ್ತದೆ. ಒಂದೊಂದು ಸಾಲು ಮುಗಿದಾಗ ಬೆರಳು ನೋಯುತ್ತಿತ್ತು, ಮನಸ್ಸು ತುಂಬಿರುತ್ತಿತ್ತು.

ಈ ಕೌದಿಯನ್ನು ನಾವು ದಿನವೂ ಹೊದೆಯುತ್ತೇವೆ. ಹಿಂದೆ ಮಹಾನವಮಿಗೆ ಘಟ ಹಾಕುವ ಮುನ್ನ ಊರಿನ ಕೌದಿಗಳೆಲ್ಲ ಹಳ್ಳಕ್ಕೆ ಹೋಗುತ್ತಿದ್ದವು. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗುವುದಿಲ್ಲ, ಎರಡೂ ತುದಿಗೆ ನಿಂತು ಹಿಂಡಬೇಕು. ನಾವು ಮಾಳಿಗೆಯ ಮೇಲೆಯೇ ಒಗೆಯುತ್ತೇವೆ, ಮಗ ಒಂದು ತುದಿ ಹಿಡಿಯುತ್ತಾನೆ. ಹರಿದಲ್ಲಿ ಹೊಸ ತುಂಡು ಕೂರಿಸುತ್ತೇನೆ. ಅವನ ಕಾಲೇಜಿನ ಅಂಗಿ ಆಗಲೇ ಒಂದು ಮೂಲೆಗೆ ಬಂದಿದೆ.

ಒಂದು ಕೆಲಸ ಮಾತ್ರ ನಾನಾಗಿಯೇ ಸೇರಿಸಿದ್ದು. ನೋಟ್‌ಬುಕ್ಕಿನಲ್ಲಿ ಕೌದಿಯ ನಕ್ಷೆ ಬರೆದು, ಪ್ರತಿ ಚೌಕದಲ್ಲಿ ಅದು ಯಾರ ಬಟ್ಟೆ ಎಂದು ಗುರುತು ಹಾಕಿದ್ದೇನೆ. ಬಟ್ಟೆ ನೋಡಿ ಆಳನ್ನು ಹೇಳಬಲ್ಲವರು ಈಗ ಮನೆಯಲ್ಲಿ ಅವ್ವ ಒಬ್ಬಳೇ. ಬಲಗಡೆಯ ಮೂರನೆಯ ಸಾಲಿನ ಕರಿಪಟ್ಟಿಯ ತುಂಡು ಯಾರದೆಂದು ಅವಳಿಗೂ ನೆನಪಾಗುತ್ತಿಲ್ಲ. ಚಿಗವ್ವ ದೀಪಾವಳಿಗೆ ಬರುತ್ತಾಳೆ, ಅವಳನ್ನು ಕೇಳಬೇಕು.